ಮಂಡಳಿಯ ಮೇಜಿಗೆ ಸುದ್ದಿ ಬರುವ ದಾರಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಒಂದಿಲ್ಲೊಂದು ಆಡಳಿತ ಮಂಡಳಿಯಲ್ಲಿ ಕೂತವರು ಓಣಿಗೊಬ್ಬರಂತೆ ಸಿಗುತ್ತಾರೆ. ಪತ್ತಿನ ಸಹಕಾರಿ ಸಂಘದ ಸಂಚಾಲಕರು, ಸಕ್ಕರೆ ಕಾರ್ಖಾನೆಯ ನಿರ್ದೇಶಕರು, ಶಿಕ್ಷಣ ಸಂಸ್ಥೆಯ ಆಡಳಿತ ಮಂಡಳಿಯ ಸದಸ್ಯರು, ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುತ್ತ ಕಾಗದದ ಮೇಲೆ ತಾವೂ ತಮ್ಮ ಮಗನೂ ಸೇರಿ ಒಂದು ಮಂಡಳಿಯಾಗಿರುವ ಉದ್ಯಮಿಗಳು, ಹೀಗೆ ಪಟ್ಟಿ ಬೆಳೆಯುತ್ತದೆ. ಲಗ್ನಪತ್ರಿಕೆಯಲ್ಲಿ ಹೆಸರಿನ ಕೆಳಗೆ ‘ಡೈರೆಕ್ಟರ್’ ಎಂದು ಅಚ್ಚು ಹಾಕಿಸುವುದು ನಮ್ಮಲ್ಲಿ ಹೊಸದಲ್ಲ. ಆದರೆ ಆ ಕುರ್ಚಿಯಲ್ಲಿ ಕೂತು ಮಾಡಬೇಕಾದ ಕೆಲಸವೇನು ಎಂದು ವಿಚಾರಿಸಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಬರುತ್ತವೆ. ದಿನನಿತ್ಯದ ವ್ಯವಹಾರವನ್ನು ಎಂ.ಡಿ. ಸಾಹೇಬರು ನೋಡಿಕೊಳ್ಳುತ್ತಾರೆ, ನಾವು ಸಭೆಗೆ ಹೋಗಿ ಸಹಿ ಮಾಡಿ ಬರುತ್ತೇವೆ ಎನ್ನುವುದು ಒಂದು. ಗುಮಾಸ್ತನ ನೇಮಕದಿಂದ ಹಿಡಿದು ಖಾಲಿ ಚೀಲದ ಖರೀದಿಯವರೆಗೆ ಎಲ್ಲದರಲ್ಲೂ ನಾವು ಕೈಹಾಕುತ್ತೇವೆ ಎನ್ನುವುದು ಇನ್ನೊಂದು. ಮೇಲುಸ್ತುವಾರಿ ಎಂಬ ಕೆಲಸ ಈ ಎರಡು ಉತ್ತರಗಳಲ್ಲಿಯೂ ಇಲ್ಲ.

ನಾನು ಬೆಳಗಾವಿಯಲ್ಲಿ ಕಂಪನಿ ಸೆಕ್ರೆಟರಿಯಾಗಿ ವೃತ್ತಿ ನಡೆಸುತ್ತಿರುವವನು. ಸಭೆಯ ನೋಟಿಸು ಕಳಿಸುವುದು, ಕಾರ್ಯಸೂಚಿ ಹೊಂದಿಸುವುದು, ಠರಾವು ಬರೆಯುವುದು, ನಡಾವಳಿ ಪುಸ್ತಕ ಇಡುವುದು ನನ್ನ ದಿನದ ಕೆಲಸ. ಮಂಡಳಿಯ ಸಭೆಯಲ್ಲಿ ಮಾತಾಡುವ ಅಧಿಕಾರ ಕಡಿಮೆಯಿರುವ, ಆದರೆ ಆಡಿದ್ದೆಲ್ಲವನ್ನೂ ಕೇಳಿಸಿಕೊಳ್ಳಲೇಬೇಕಾದ ಜಾಗ ಅದು. ಅಲ್ಲಿ ಕೂತು ನೋಡುತ್ತ ಬಂದಂತೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಒಂದೇ. ಮಂಡಳಿಗಳು ಸೋಲುವುದಕ್ಕೆ ಸದಸ್ಯರ ಅಪ್ರಾಮಾಣಿಕತೆ ಕಾರಣವಾಗಿರುವುದು ಕಡಿಮೆ. ತಾವು ಯಾರ ಮೇಲೆ ಕಣ್ಣಿಡಬೇಕೋ ಅವರ ಕೈಯಿಂದಲೇ ಎಲ್ಲ ಮಾಹಿತಿಯನ್ನೂ ಪಡೆಯುವ ವ್ಯವಸ್ಥೆಗೆ ಅವರು ಒಪ್ಪಿಕೊಂಡುಬಿಟ್ಟಿರುವುದು ಹೆಚ್ಚಿನ ಕಡೆಗಳಲ್ಲಿ ಕಾರಣವಾಗಿರುತ್ತದೆ.

2013ರ ಕಂಪನಿ ಕಾಯ್ದೆ ಮಂಡಳಿಯ ಹೊರ ಆಕಾರವನ್ನು ಬಹಳ ವಿವರವಾಗಿ ಹೇಳುತ್ತದೆ. ಪಬ್ಲಿಕ್ ಕಂಪನಿಗೆ ಕನಿಷ್ಠ 3, ಪ್ರೈವೇಟ್ ಕಂಪನಿಗೆ ಕನಿಷ್ಠ 2 ನಿರ್ದೇಶಕರಿರಬೇಕು. ಸಣ್ಣ ಕಂಪನಿಗಳಿಗಿರುವ ವಿನಾಯಿತಿ ಬಿಟ್ಟರೆ ವರ್ಷಕ್ಕೆ ಕನಿಷ್ಠ 4 ಸಭೆ ನಡೆಯಬೇಕು, ಒಂದು ಸಭೆಗೂ ಮುಂದಿನದಕ್ಕೂ 120 ದಿನಕ್ಕಿಂತ ಹೆಚ್ಚಿನ ಅಂತರವಿರಕೂಡದು, ನೋಟಿಸು 7 ದಿನ ಮೊದಲೇ ತಲುಪಬೇಕು. ಷೇರುಪೇಟೆಯಲ್ಲಿ ನೋಂದಾಯಿಸಿದ ಕಂಪನಿಯ ಮಂಡಳಿಯಲ್ಲಿ ಮೂರನೇ ಒಂದು ಭಾಗದಷ್ಟಾದರೂ ಸ್ವತಂತ್ರ ನಿರ್ದೇಶಕರು (ಕಂಪನಿಯ ಒಡೆತನ, ಆಡಳಿತಗಳೊಂದಿಗೆ ನಂಟಿಲ್ಲದ ಹೊರಗಿನವರು) ಮತ್ತು ಒಬ್ಬ ಮಹಿಳೆ ಇರಲೇಬೇಕು. ಇವೆಲ್ಲ ಎಣಿಸಿ ಟಿಕ್ ಹಾಕಬಹುದಾದ ಸಂಗತಿಗಳಾದ್ದರಿಂದ ಎಲ್ಲರೂ ಪಾಲಿಸುತ್ತಾರೆ, ನನ್ನಂಥವರ ಹೊಟ್ಟೆಪಾಡೂ ಇದರಿಂದಲೇ ನಡೆಯುತ್ತದೆ. ನಿರ್ದೇಶಕರು ಅಷ್ಟಾಗಿ ಓದದ ಎರಡು ಕಲಮುಗಳಲ್ಲಿ ನಿಜವಾದ ಭಾರವಿದೆ. 166ನೆಯ ಕಲಮು ನಿರ್ದೇಶಕನಾದವನು ತಕ್ಕಷ್ಟು ಜಾಗರೂಕತೆ, ಕೌಶಲ, ಶ್ರದ್ಧೆಗಳಿಂದ, ಸ್ವತಂತ್ರ ವಿವೇಚನೆ ಬಳಸಿ ಕೆಲಸ ಮಾಡಬೇಕೆಂದು ಹೇಳುತ್ತದೆ. 134ನೆಯ ಕಲಮಿನ 5ನೆಯ ಉಪಕಲಮಿನಂತೆ, ಕಂಪನಿಗೆ ಅನ್ವಯವಾಗುವ ಎಲ್ಲ ಕಾನೂನುಗಳ ಪಾಲನೆಯನ್ನು ಖಚಿತಪಡಿಸಿಕೊಳ್ಳಲು ತಾವು ಸರಿಯಾದ ವ್ಯವಸ್ಥೆ ರೂಪಿಸಿದ್ದೇವೆ, ಆ ವ್ಯವಸ್ಥೆ ಸಾಕಷ್ಟಿದೆ ಮತ್ತು ಪರಿಣಾಮಕಾರಿಯಾಗಿ ನಡೆಯುತ್ತಿದೆ ಎಂದು ನಿರ್ದೇಶಕರು ಪ್ರತಿ ವರ್ಷದ ವರದಿಯಲ್ಲಿ ಹೇಳಿಕೆ ಕೊಡಬೇಕು. ಕಳೆದ ವರ್ಷದ ವರದಿಯಿಂದ ಈ ಪ್ಯಾರಾ ಹಾಗೆಯೇ ನಕಲಾಗಿ ಈ ವರ್ಷಕ್ಕೆ ಬರುತ್ತದೆ. ಆ ವ್ಯವಸ್ಥೆ ಯಾವುದು, ಅದನ್ನು ಯಾರು ನೋಡಿ ಬಂದು ಹೇಳಿದರು ಎಂದು ಕೇಳಿದ ನಿರ್ದೇಶಕರು ನನಗೆ ಸಿಕ್ಕಿದ್ದು ಅಪರೂಪ.

ಸಭೆಯ ಕಾಗದಪತ್ರ ಹೇಗೆ ತಯಾರಾಗುತ್ತದೆ ಎಂಬುದನ್ನು ಹೇಳಿದರೆ ಈ ಮಾತು ಸ್ಪಷ್ಟವಾದೀತು. ಮಧ್ಯಮ ಗಾತ್ರದ ಒಂದು ಕಂಪನಿಯಲ್ಲಿ ಕಾರ್ಯಸೂಚಿಯ ಮೊದಲ ಕರಡನ್ನು ಹಣಕಾಸು ವಿಭಾಗದ ಮುಖ್ಯಸ್ಥರು ಮಾಡುತ್ತಾರೆ. ವ್ಯವಸ್ಥಾಪಕ ನಿರ್ದೇಶಕರು ಅದನ್ನು ನೋಡಿ ಕೆಲವು ವಿಷಯ ತೆಗೆಯುತ್ತಾರೆ, ಕೆಲವನ್ನು ಕೆಳಗಿಳಿಸುತ್ತಾರೆ. ನೋಟಿಸು ಕಾನೂನಿನಂತೆ 7 ದಿನ ಮೊದಲೇ ಹೋಗಿರುತ್ತದೆ. ಆದರೆ ಲೆಕ್ಕಪತ್ರಗಳಿರುವ ದಪ್ಪ ಕಟ್ಟು ಬರುವುದು ಸಭೆಯ ಹಿಂದಿನ ದಿನ ಸಂಜೆ, ಕೆಲವೊಮ್ಮೆ ಸಭೆ ಶುರುವಾದ ಮೇಲೆ ಮೇಜಿನ ಮೇಲೆಯೇ. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ಬ್ಯಾಂಕಿನ ಲಿಮಿಟ್ ನವೀಕರಣ, ಸಹಿ ಅಧಿಕಾರದ ಬದಲಾವಣೆ, ಹೊಸ ವಾಹನದ ಖರೀದಿ ಮುಂತಾದವು ಮೊದಲು ಬರುತ್ತವೆ. ವಾಹನ ಯಾವ ಬಣ್ಣದ್ದಿರಬೇಕೆಂಬ ಮೇಲೂ ಚರ್ಚೆಯಾಗುವುದನ್ನು ಕೇಳಿದ್ದೇನೆ. ಅಷ್ಟರಲ್ಲಿ ಚಹಾ, ಚೂಡಾ ಬಂದಿರುತ್ತದೆ, ಪುಣೆಗೆ ಹೋಗಬೇಕಾದವರು ಗಡಿಯಾರ ನೋಡುತ್ತಿರುತ್ತಾರೆ. ಕೊನೆಯಲ್ಲಿ ‘ಅಧ್ಯಕ್ಷರ ಅನುಮತಿಯ ಮೇರೆಗೆ ಬರುವ ಇತರ ವಿಷಯಗಳು’ ಎಂಬ ತಲೆಬರಹದ ಅಡಿಯಲ್ಲಿ, ಪ್ರವರ್ತಕರ, ಅಂದರೆ ಕಂಪನಿ ಕಟ್ಟಿ ಹಿಡಿತ ಇಟ್ಟುಕೊಂಡವರ, ಕುಟುಂಬದ ಇನ್ನೊಂದು ಸಂಸ್ಥೆಗೆ ಮುಂಗಡ ಕೊಡುವ ಪ್ರಸ್ತಾವ ಎದ್ದು ನಿಲ್ಲುತ್ತದೆ. ನಾನು ನಡಾವಳಿಯಲ್ಲಿ ‘ಚರ್ಚಿಸಿ ಸರ್ವಾನುಮತದಿಂದ ಠರಾಯಿಸಲಾಯಿತು’ ಎಂದು ಬರೆದುಕೊಳ್ಳುತ್ತೇನೆ. ಇದರಲ್ಲಿ ಕಾನೂನಿನ ಉಲ್ಲಂಘನೆ ಎಂದು ಬೆರಳಿಟ್ಟು ತೋರಿಸುವಂಥದ್ದು ಎಷ್ಟೋ ಸಲ ಏನೂ ಇರುವುದಿಲ್ಲ ಎಂಬುದೇ ತೊಂದರೆ.

ಇದು ಸಣ್ಣ ಊರಿನ ಸಣ್ಣ ಕಂಪನಿಗಳ ದೌರ್ಬಲ್ಯ ಎಂದು ಯಾರಾದರೂ ಅಂದುಕೊಂಡರೆ ಅವರಿಗೆ ಸತ್ಯಂ ಪ್ರಕರಣವನ್ನು ಮತ್ತೊಮ್ಮೆ ಓದಲು ಹೇಳುತ್ತೇನೆ. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಮಂಡಳಿ, ಅದರ ಅಧ್ಯಕ್ಷ ರಾಮಲಿಂಗ ರಾಜು ಅವರ ಮಕ್ಕಳು ನಡೆಸುತ್ತಿದ್ದ ಎರಡು ಮೇಟಾಸ್ ಕಂಪನಿಗಳನ್ನು ಒಟ್ಟು 160 ಕೋಟಿ ಡಾಲರ್ ಕೊಟ್ಟು ಕೊಳ್ಳಲು ಒಪ್ಪಿಗೆ ಕೊಟ್ಟಿತು. ಆ ಮಂಡಳಿಯಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರಿದ್ದರು, ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಡೀನ್ ಇದ್ದರು, ಚಿಪ್ ವಿನ್ಯಾಸಕ್ಕೆ ಜಗತ್ತಿನಲ್ಲೇ ಹೆಸರಾದ ಎಂಜಿನಿಯರ್ ಇದ್ದರು. ಹೂಡಿಕೆದಾರರು ಗದ್ದಲ ಎಬ್ಬಿಸಿದ್ದರಿಂದ ಕೆಲವೇ ಗಂಟೆಗಳಲ್ಲಿ ಆ ನಿರ್ಧಾರ ಹಿಂದೆಗೆದುಕೊಳ್ಳಬೇಕಾಯಿತು. 2009ರ ಜನವರಿ 7ರಂದು ರಾಜು ಅವರೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು.

ಇಷ್ಟು ಹಣ ಬ್ಯಾಂಕಿನಲ್ಲಿ ಇಲ್ಲ ಎಂಬುದು ಗೊತ್ತಾಗದೆ ಹೋದದ್ದು ಹೇಗೆ? ಉತ್ತರ 2011ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ ಕಂಪನಿಯ ಲೆಕ್ಕಪರಿಶೋಧಕರ ಮೇಲೆ ಕೈಗೊಂಡ ಕ್ರಮದಲ್ಲಿದೆ. ಲೆಕ್ಕಪರಿಶೋಧಕರು ಬ್ಯಾಂಕುಗಳಿಗೆ ಪತ್ರ ಬರೆದು ಶಿಲ್ಕು ಎಷ್ಟಿದೆ ಎಂಬ ದೃಢೀಕರಣ ತರಿಸಿಕೊಳ್ಳುವುದು ಈ ವೃತ್ತಿಯ ಅ ಆ ಇ ಈ. ಆ ಪತ್ರಗಳನ್ನು ಕಳಿಸುವ ಮತ್ತು ಉತ್ತರ ಪಡೆಯುವ ಕೆಲಸವನ್ನು ಲೆಕ್ಕಪರಿಶೋಧಕರು ತಮ್ಮ ಕೈಯಲ್ಲಿ ಇಟ್ಟುಕೊಳ್ಳದೆ ಕಂಪನಿಯ ಆಡಳಿತಕ್ಕೇ ಬಿಟ್ಟುಕೊಟ್ಟಿದ್ದರು. ಪರೀಕ್ಷೆಗೆ ಒಳಗಾಗಬೇಕಾದವರ ಕೈಯಿಂದಲೇ ಉತ್ತರವೂ ಬಂದಿತ್ತು. ಮಂಡಳಿ ಲೆಕ್ಕಪರಿಶೋಧಕರನ್ನು ನಂಬಿತು, ಲೆಕ್ಕಪರಿಶೋಧಕರು ಆಡಳಿತವನ್ನು ನಂಬಿದರು. ಹಾರ್ವರ್ಡ್‌ನ ಪ್ರಾಧ್ಯಾಪಕರ ಬದಲು ಇನ್ನೂ ಹತ್ತು ಪ್ರಾಧ್ಯಾಪಕರಿದ್ದರೂ ಅವರ ಮುಂದೆ ಅದೇ ಕಾಗದ ಬರುತ್ತಿತ್ತು. ಆದ್ದರಿಂದಲೇ ‘ಒಳ್ಳೆಯ ಹೆಸರಿನ ನಿರ್ದೇಶಕರನ್ನು ತನ್ನಿ’ ಎಂಬ ಸಲಹೆಯಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ.

ಇನ್ನೊಂದು ಪ್ರಕರಣ ದೂರದ್ದಾದರೂ ನಡಾವಳಿ ಬರೆಯುವ ನನಗೆ ಬಹಳ ಹತ್ತಿರದ್ದು. ಅಮೆರಿಕದ ಟೆಕ್ಸಸ್‌ನಲ್ಲಿ ಬ್ಲೂ ಬೆಲ್ ಎಂಬ ಐಸ್‌ಕ್ರೀಮ್ ಕಂಪನಿಯಿದೆ. 2015ರಲ್ಲಿ ಅದರ ಐಸ್‌ಕ್ರೀಮಿನಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೇರಿ ಮೂವರು ಸತ್ತರು, ಕಂಪನಿ ತನ್ನ ಎಲ್ಲ ಉತ್ಪನ್ನಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಷೇರುದಾರರೊಬ್ಬರು ನಿರ್ದೇಶಕರ ಮೇಲೆ ದಾವೆ ಹೂಡಿದರು. ನ್ಯಾಯಾಲಯದ ಮುಂದೆ ಬಂದ ಮುಖ್ಯ ಆಧಾರವೆಂದರೆ ಮಂಡಳಿಯ ನಡಾವಳಿ ಪುಸ್ತಕ. ಐಸ್‌ಕ್ರೀಮ್ ಒಂದನ್ನೇ ಮಾಡುವ ಕಂಪನಿಯ ಮಂಡಳಿಯಲ್ಲಿ ಆಹಾರ ಸುರಕ್ಷತೆಗೆ ಪ್ರತ್ಯೇಕ ಸಮಿತಿಯಿರಲಿಲ್ಲ, ಅದರ ಬಗ್ಗೆ ನಿಯತವಾಗಿ ವರದಿ ತರಿಸಿಕೊಳ್ಳುವ ಪದ್ಧತಿಯಿರಲಿಲ್ಲ, ಆಡಳಿತದ ಕೈಸೇರಿದ್ದ ಕೆಟ್ಟ ಪರೀಕ್ಷಾ ಫಲಿತಾಂಶಗಳು ಮಂಡಳಿಯ ಮುಂದೆ ಬಂದ ಗುರುತು ನಡಾವಳಿಯಲ್ಲಿ ಇರಲಿಲ್ಲ. 2019ರಲ್ಲಿ ಡೆಲವೇರ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಕಂಪನಿಯ ಜೀವಾಳವಾದ ಅಪಾಯದ ಮೇಲೆ ಕಣ್ಣಿಡಲು ಮಂಡಳಿ ತನ್ನ ಮಟ್ಟದಲ್ಲಿ ಪ್ರಾಮಾಣಿಕವಾದ ಒಂದು ವ್ಯವಸ್ಥೆಯನ್ನಾದರೂ ಮಾಡಿಕೊಂಡಿರಬೇಕಿತ್ತೆಂದು ಹೇಳಿ, ದಾವೆ ಮುಂದುವರಿಯಲು ಅವಕಾಶ ಕೊಟ್ಟಿತು. ಕಾರ್ಖಾನೆಯ ವ್ಯವಸ್ಥಾಪಕರು ಸರ್ಕಾರದ ನಿಯಮಗಳನ್ನು ಪಾಲಿಸುತ್ತಿದ್ದರು ಎಂಬ ಸಮರ್ಥನೆ ಆಗ ನಿಲ್ಲಲಿಲ್ಲ. ಡೆಲವೇರ್‌ನ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ನಿಜ. ಆದರೆ ನಮ್ಮ 134ನೆಯ ಕಲಮು ನಿರ್ದೇಶಕರಿಂದ ಸಹಿ ಹಾಕಿಸಿಕೊಳ್ಳುವ ಹೇಳಿಕೆಯಲ್ಲಿ ಅಡಗಿರುವ ಪ್ರಶ್ನೆಯೂ ಇದೇ.

ಇದನ್ನು ನಮ್ಮ ಸಕ್ಕರೆ ಕಾರ್ಖಾನೆಗಳಿಗೆ ಅನ್ವಯಿಸಿ ನೋಡೋಣ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಹರಿಯುವ ಈ ಸೀಮೆಯಲ್ಲಿ ಸಂಕೇಶ್ವರದ ಹಿರಣ್ಯಕೇಶಿಯಂಥ ಸಹಕಾರಿ ಕಾರ್ಖಾನೆಗಳಿವೆ, ಮುಧೋಳದ ಸುತ್ತಲಿನ ಖಾಸಗಿ ಕಾರ್ಖಾನೆಗಳಿವೆ, ಷೇರುಪೇಟೆಗೆ ಬಂದ ಕಂಪನಿಗಳೂ ಇವೆ. ಸಮೀರವಾಡಿಯಲ್ಲಿ ಕಾರ್ಖಾನೆ ಇರುವ ಗೋದಾವರಿ ಬಯೋರಿಫೈನರೀಸ್ ಷೇರುಪೇಟೆಗೆ ಬಂದದ್ದು 2024ರಲ್ಲಿ. ಇಂಥ ಕಂಪನಿಯ ಜೀವಾಳವಾದ ಅಪಾಯಗಳು ಯಾವುವು ಎಂದು ಹಂಗಾಮಿನಲ್ಲಿ ಟ್ರ್ಯಾಕ್ಟರ್ ಸಾಲಿನಲ್ಲಿ ನಿಂತ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ: ಕಾಟಾದಲ್ಲಿ ತೂಕ, ರಿಕವರಿಯ (ಕಬ್ಬಿನಿಂದ ಇಳಿಯುವ ಸಕ್ಕರೆಯ ಪ್ರಮಾಣದ) ಲೆಕ್ಕ, ಬಿಲ್ಲು ಬರುವ ದಿನ. ಕಾರ್ಮಿಕನನ್ನು ಕೇಳಿದರೆ ಬಾಯ್ಲರ್ ಎನ್ನುತ್ತಾನೆ. ಡಿಸ್ಟಿಲರಿಯ ಕೆಳಗಿನ ಹಳ್ಳಿಯವರನ್ನು ಕೇಳಿದರೆ ಹಳ್ಳಕ್ಕೆ ಬಿಡುವ ನೀರು ಎನ್ನುತ್ತಾರೆ. ಈ ಐದು ಸಂಗತಿಗಳಲ್ಲಿ ಎಷ್ಟು ಸಂಗತಿ ಕಾರ್ಯಸೂಚಿಯಲ್ಲಿ ತಾವಾಗಿಯೇ ಬರುತ್ತವೆ ಎಂದು ಯಾವುದೇ ನಿರ್ದೇಶಕರು ತಮ್ಮ ಹಳೆಯ ಕಟ್ಟುಗಳನ್ನು ಬಿಚ್ಚಿ ನೋಡಿಕೊಳ್ಳಬಹುದು.

ಕಬ್ಬಿನ ಬಾಕಿಯ ವಿಷಯವನ್ನೇ ತೆಗೆದುಕೊಳ್ಳುತ್ತೇನೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಸಂದಾಯವಾಗಬೇಕು. ತಡವಾದರೆ ವಾರ್ಷಿಕ ಶೇಕಡ 15ರ ಬಡ್ಡಿ ಸೇರುತ್ತದೆ. ಮಂಡಳಿಯ ಮುಂದೆ ಬರುವ ಲೆಕ್ಕಪತ್ರದಲ್ಲಿ ಇದು ಹೇಗೆ ಕಾಣುತ್ತದೆ? ಅಢಾವೆ ಪತ್ರಿಕೆಯಲ್ಲಿ ‘ವ್ಯಾಪಾರ ಸಂಬಂಧಿ ಬಾಕಿಗಳು’ ಎಂಬ ಒಂದೇ ಸಾಲಿನಲ್ಲಿ, ಚೀಲ ಪೂರೈಸಿದವನ ಬಾಕಿ ಮತ್ತು ಸುಣ್ಣ, ಗಂಧಕ ಪೂರೈಸಿದವನ ಬಾಕಿಯ ಜೊತೆ ಸೇರಿಕೊಂಡಿರುತ್ತದೆ. 2021ರಲ್ಲಿ ಸರ್ಕಾರ ಬಾಕಿಗಳ ವಯಸ್ಸಿನ ಪಟ್ಟಿಯನ್ನೂ ಕೊಡಬೇಕೆಂದು ನಿಯಮ ತಂದದ್ದು ಒಳ್ಳೆಯದೇ. ಆದರೆ ಆ ಪಟ್ಟಿಯಲ್ಲಿ ಗಡುವು ಮೀರಿದ ಬಾಕಿಗಳ ಮೊದಲ ಕಂಬವೇ ‘ಒಂದು ವರ್ಷಕ್ಕಿಂತ ಕಡಿಮೆ’. 15 ದಿನದ ಬಾಕಿಯೂ 11 ತಿಂಗಳ ಬಾಕಿಯೂ ಅಲ್ಲಿ ಒಂದೇ ಕಂಬದೊಳಗೆ ಕೂರುತ್ತವೆ. ಹೀಗೆ ಕಾನೂನಿನಂತೆ ಸಿದ್ಧವಾದ, ಲೆಕ್ಕಪರಿಶೋಧಕರು ಸಹಿ ಮಾಡಿದ, ಒಂದಕ್ಷರವೂ ಸುಳ್ಳಿಲ್ಲದ ಕಾಗದವನ್ನು ಓದಿ ಮುಗಿಸಿದ ನಿರ್ದೇಶಕನಿಗೆ, ಕಂಪನಿ ಪ್ರತಿ ದಿನ ಒಂದು ಕಾನೂನನ್ನು ಮುರಿಯುತ್ತಿದೆಯೇ ಇಲ್ಲವೇ ಎಂಬುದು ತಿಳಿಯುವುದಿಲ್ಲ. ತಿಳಿಯಬೇಕಾದರೆ ಆತ ಬೇರೊಂದು ತಃಖ್ತೆಯನ್ನು (ಲೆಕ್ಕದ ಪಟ್ಟಿಯನ್ನು) ಕೇಳಿ ಪಡೆಯಬೇಕು. ಸಕ್ಕರೆ ದಾಸ್ತಾನಿನದೂ ಇದೇ ಕಥೆ. ಗೋದಾಮಿನ ಚೀಲಗಳನ್ನು ಒತ್ತೆಯಿಟ್ಟು ಬ್ಯಾಂಕಿನಿಂದ ಸಾಲ ತರುತ್ತಾರೆ. ಮಂಡಳಿಯ ಮುಂದೆ ಬರುವುದು ರಜಿಸ್ಟರಿನ ಸಂಖ್ಯೆ. ಚೀಲಗಳನ್ನು ಕಂಡವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು ಎಂದು ಕೇಳುವುದು ನಿರ್ದೇಶಕನ ಹಕ್ಕು.

ಬೆಳಗಾವಿಯಲ್ಲೇ ಬೆಳೆದ ಶ್ರೀ ರೇಣುಕಾ ಶುಗರ್ಸ್ ಕಂಪನಿಯ ಹಾದಿ ಇಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. 1998ರಲ್ಲಿ ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ, ಸುತ್ತಲಿನ ಕಬ್ಬು ಬೆಳೆಗಾರರನ್ನೂ ಷೇರುದಾರರನ್ನಾಗಿ ಮಾಡಿಕೊಂಡು ಶುರುವಾದ ಕಂಪನಿ 2005ರಲ್ಲಿ ಷೇರುಪೇಟೆಗೆ ಬಂತು, 2010ರಲ್ಲಿ ಬ್ರೆಜಿಲ್‌ನ ಎರಡು ಕಂಪನಿಗಳನ್ನು ಕೊಂಡಿತು. ಮುಂದೆ ಸಕ್ಕರೆ ದರ ಕುಸಿದು, ಸಾಲ ಭಾರವಾಗಿ, 2018ರ ಹೊತ್ತಿಗೆ ಸಿಂಗಾಪುರದ ವಿಲ್ಮರ್ ಕಂಪನಿಯ ಕೈಗೆ ಬಹುಪಾಲು ಷೇರು ಹೋಯಿತು. ಆ ಖರೀದಿ ಸರಿಯೋ ತಪ್ಪೋ ಎಂದು ಇಷ್ಟು ವರ್ಷಗಳ ನಂತರ ತೀರ್ಪು ಕೊಡುವುದು ಸುಲಭ, ಅನ್ಯಾಯವೂ ಹೌದು; ಧಂದೆಯಲ್ಲಿ ಧೈರ್ಯ ಮಾಡಿದವರು ಕೆಲವೊಮ್ಮೆ ಕಳೆದುಕೊಳ್ಳುತ್ತಾರೆ, ಕಾನೂನು ಅದಕ್ಕಾಗಿ ನಿರ್ದೇಶಕರನ್ನು ಶಿಕ್ಷಿಸುವುದೂ ಇಲ್ಲ. ನನ್ನ ಕುತೂಹಲ ಬೇರೆ. ಯಾವುದೇ ಮಂಡಳಿ ಸಮುದ್ರದಾಚೆಯ ಒಂದು ಘಟಕವನ್ನು ಕೊಂಡ ಮೇಲೆ, ಅಲ್ಲಿಯ ಸ್ಥಿತಿಗತಿಯನ್ನು ಕೊಳ್ಳೋಣವೆಂದು ಹೇಳಿದವರ ಬಾಯಿಂದಷ್ಟೇ ಕೇಳುತ್ತದೆಯೋ, ಇನ್ನೊಂದು ಮೂಲದಿಂದಲೂ ಕೇಳುತ್ತದೆಯೋ ಎಂಬುದು.

ಸಹಕಾರಿ ಸಂಸ್ಥೆಗಳ ವಿಷಯಕ್ಕೆ ಬಂದರೆ ಮಾತು ಇನ್ನೂ ಬಿಗಿಯಾಗುತ್ತದೆ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಂದಿನಿಂದ ಈ ಭಾಗದ ಜನ ಸಹಕಾರವನ್ನು ತಮ್ಮದೆಂದು ನಂಬಿದ್ದಾರೆ. 1959ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ಇರುವ ಸಂಘಗಳ ಜೊತೆಗೆ, 1997ರ ಸೌಹಾರ್ದ ಕಾಯ್ದೆಯ ಕೆಳಗೆ ನೋಂದಾಯಿಸಿದ ಪತ್ತಿನ ಸಹಕಾರಿಗಳು ತಾಲೂಕು ಊರುಗಳ ಬಜಾರಿನುದ್ದಕ್ಕೂ ಬೋರ್ಡು ಹಾಕಿಕೊಂಡಿವೆ. ನಿವೃತ್ತ ಮಾಸ್ತರರ ಪಿಂಚಣಿ, ಮಗಳ ಮದುವೆಗೆಂದು ತೆಗೆದಿಟ್ಟ ದುಡ್ಡು, ಜಮೀನು ಮಾರಿದ ಹಣ ಅಲ್ಲಿ ಠೇವಣಿಯಾಗಿ ಕೂತಿದೆ. ಬ್ಯಾಂಕಿನಲ್ಲಾದರೆ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯಿದೆ. 2020ರ ಫೆಬ್ರುವರಿಗೆ ಮೊದಲು ಅದು 1 ಲಕ್ಷವಿತ್ತು. ಪತ್ತಿನ ಸಂಘ ಬ್ಯಾಂಕ್ ಅಲ್ಲವಾದ್ದರಿಂದ ಅದಕ್ಕೆ ಆ ವಿಮೆಯ ರಕ್ಷಣೆಯೇ ಇಲ್ಲ. ಅಲ್ಲಿ ಠೇವಣಿದಾರ ಮತ್ತು ನಷ್ಟದ ನಡುವೆ ನಿಂತಿರುವ ಬಹುಮುಖ್ಯ ತಡೆಯೆಂದರೆ ಸಂಚಾಲಕ ಮಂಡಳಿ.

ಆ ಮಂಡಳಿ ಹುಟ್ಟುವ ಬಗೆ ನಮಗೆ ಗೊತ್ತಿದೆ. ಪ್ಯಾನೆಲ್ ಮಾಡಿಕೊಂಡು ನಿಲ್ಲುತ್ತಾರೆ. ಹಿರಿಯರು ಕೂತು ಎಲ್ಲ ಸಮಾಜಗಳಿಗೂ ಜಾಗ ಹಂಚಿ, ಉಳಿದವರಿಂದ ನಾಮಪತ್ರ ಹಿಂತೆಗೆಸಿ, ಅವಿರೋಧ ಆಯ್ಕೆ ಮಾಡಿಸಿದರೆ ಮರುದಿನದ ಪತ್ರಿಕೆಯಲ್ಲಿ ಅಭಿನಂದನೆಯ ಜಾಹೀರಾತು ಬರುತ್ತದೆ. ಚುನಾವಣೆಯ ಖರ್ಚು ಉಳಿಯಿತು, ಊರಿನಲ್ಲಿ ಜಗಳ ತಪ್ಪಿತು ಎಂಬುದು ನಿಜ. ಆದರೆ ಚೇರಮನ್ನರ ಕೃಪೆಯಿಂದ ಒಳಗೆ ಬಂದ ಮಂಡಳಿಯಲ್ಲಿ ಅವರನ್ನು ಪ್ರಶ್ನಿಸುವ ಬಾಯಿ ಒಂದಾದರೂ ಉಳಿಯುವಂತೆ ಯಾರೂ ಯೋಚಿಸಿರುವುದಿಲ್ಲ. ಅವಿರೋಧ ಆಯ್ಕೆಯನ್ನು ಇಷ್ಟು ಸಂಭ್ರಮದಿಂದ ಆಚರಿಸುವುದು ಸಾಕಷ್ಟು ಹಾನಿ ಮಾಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಪ್ಪದವರು ಬಹಳ ಜನ ಇದ್ದಾರೆಂದೂ ಬಲ್ಲೆ.

ಬಾಗಲಕೋಟೆ ಜಿಲ್ಲೆಯ ಒಂದು ಪತ್ತಿನ ಸಂಘದ ಸಭೆಗೆ ಸಲಹೆಗಾರನಾಗಿ ಹೋಗಿದ್ದೆ. ವ್ಯವಸ್ಥಾಪಕರು ವಸೂಲಿಯ ತಃಖ್ತೆ ಓದಿದರು: ಮಾರ್ಚ್ ಅಂತ್ಯಕ್ಕೆ ಥಕಬಾಕಿ (ಗಡುವು ಮೀರಿದ ಸಾಲ) ತೀರ ಕಡಿಮೆ, ವಸೂಲಿ ಉತ್ತಮ. ಎಲ್ಲರೂ ತಲೆದೂಗಿದರು. ಮೂಲೆಯಲ್ಲಿ ಕೂತಿದ್ದ, ಕಿರಾಣಿ ಅಂಗಡಿ ನಡೆಸುವ ಹಿರಿಯ ಸಂಚಾಲಕರೊಬ್ಬರು ಕನ್ನಡಕ ಏರಿಸಿಕೊಂಡು, “ಸಾಹೇಬ್ರ, ಏಪ್ರಿಲ್ ತಿಂಗಳದ ಸಾಲ ವಿತರಣಾ ರಜಿಸ್ಟರ್ ತರಸ್ರೀ” ಎಂದರು. ಅದು ಆ ಸಭೆಗೆ ಸಂಬಂಧಿಸಿದ್ದಲ್ಲ ಎಂದು ವ್ಯವಸ್ಥಾಪಕರು ಹೇಳಿದರೂ ಬಿಡಲಿಲ್ಲ. ರಜಿಸ್ಟರು ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಬೆರಳಿನಿಂದ ಹೆಸರುಗಳನ್ನು ಸರಿಹೊಂದಿಸುತ್ತ ಹೋದರು. “ಮಾರ್ಚ್ ಮೂವತ್ತಕ್ಕ ತುಂಬ್ಯಾರ, ಏಪ್ರಿಲ್ ಎರಡಕ್ಕ ಅದೇ ಮಂದಿ ಮತ್ತ ಒಯ್ದಾರ, ಅದೂ ಬಡ್ಡಿ ಸೇರಿಸಿ. ಇದು ವಸೂಲಿ ಹೆಂಗಾತ್ರೀ?” ಆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಹೊಸ ಸಾಲ ಕೊಟ್ಟು ಹಳೆಯದನ್ನು ಮುರಿದುಕೊಳ್ಳುವ ಈ ಪದ್ಧತಿಯನ್ನು ಪತ್ತೆ ಹಚ್ಚಲು ಅವರಿಗೆ ಬೇಕಾಗಿದ್ದದ್ದು ತಮಗೆ ಕೊಟ್ಟ ಕಾಗದದ ಪಕ್ಕದಲ್ಲಿಟ್ಟು ನೋಡಲು ತಾವೇ ಕೇಳಿ ತರಿಸಿಕೊಂಡ ಇನ್ನೊಂದು ಕಾಗದ, ಅಷ್ಟೆ. ಅದೇ ಸಂಘದ ಲೆಕ್ಕಪರಿಶೋಧನಾ ವರದಿಗಳಲ್ಲಿ ಈ ಲೋಪ ಹಿಂದಿನ ವರ್ಷಗಳಲ್ಲೂ ದಾಖಲಾಗಿತ್ತು. ಅನುಪಾಲನಾ ವರದಿಯಲ್ಲಿ ‘ಮುಂದೆ ಸರಿಪಡಿಸಿಕೊಳ್ಳಲಾಗುವುದು’ ಎಂಬ ಒಂದೇ ಸಾಲು ಪ್ರತಿ ಸಲವೂ ಮರುಕಳಿಸಿತ್ತು. ವರದಿಯನ್ನು ಮಂಡಳಿಯ ಮುಂದೆ ಇಡಲಾಗಿತ್ತು, ಓದಿ ದಾಖಲಿಸಿಕೊಳ್ಳಲಾಗಿತ್ತು.

ಪಟ್ಟಣ ಸಹಕಾರಿ ಬ್ಯಾಂಕುಗಳಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೊಂದು ಉಪಾಯ ಮಾಡಿದೆ. 2019ರ ಕೊನೆಯಲ್ಲಿ ಹೊರಡಿಸಿದ ಸುತ್ತೋಲೆಯಂತೆ 100 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಠೇವಣಿಯಿರುವ ಬ್ಯಾಂಕುಗಳು ಚುನಾಯಿತ ಮಂಡಳಿಯ ಜೊತೆಗೆ ವ್ಯವಹಾರಜ್ಞಾನವಿರುವವರ ಇನ್ನೊಂದು ವ್ಯವಸ್ಥಾಪನಾ ಮಂಡಳಿಯನ್ನು ರಚಿಸಿಕೊಳ್ಳಬೇಕು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ಆದ 2020ರ ತಿದ್ದುಪಡಿಯ ನಂತರ ರಿಸರ್ವ್ ಬ್ಯಾಂಕಿನ ಹಿಡಿತ ಇನ್ನೂ ಬಿಗಿಯಾಗಿದೆ. ಇದರಿಂದ ಕೆಲವೆಡೆ ಉಪಯೋಗವಾಗಿದೆ. ಆದರೆ ಸಮಿತಿ ಮಾಡಿದ ಮಾತ್ರಕ್ಕೆ ಕೆಲಸ ಆಗುತ್ತದೆಂದು ನಂಬುವವರು, ಮೂಲಸೌಕರ್ಯ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್‌ಅಂಡ್‌ಎಫ್‌ಎಸ್ ಸಂಸ್ಥೆಯನ್ನು ನೆನೆಯಬೇಕು. 2018ರಲ್ಲಿ ಸುಮಾರು 90 ಸಾವಿರ ಕೋಟಿ ರೂಪಾಯಿ ಸಾಲದ ಭಾರದಲ್ಲಿ ಕುಸಿದು, ಕೇಂದ್ರ ಸರ್ಕಾರವೇ ಅದರ ಮಂಡಳಿಯನ್ನು ಬದಲಿಸಬೇಕಾಗಿ ಬಂದಾಗ, ಅಪಾಯ ನಿರ್ವಹಣೆಯ ಸಮಿತಿ ಹಿಂದಿನ ಮೂರು ವರ್ಷಗಳಲ್ಲಿ ಒಂದೇ ಸಲ ಸೇರಿತ್ತೆಂದು ವರದಿಯಾಗಿತ್ತು.

ಪ್ರಶ್ನೆ ಕೇಳಿದವರಿಗೆ ಏನಾಗುತ್ತದೆ ಎಂಬುದನ್ನೂ ಹೇಳದಿದ್ದರೆ ಈ ಬರಹ ಬರೀ ಉಪದೇಶವಾದೀತು. ಸ್ವತಂತ್ರ ನಿರ್ದೇಶಕರನ್ನು ಆಯ್ದು ತರುವವರು ಬಹುತೇಕ ಪ್ರವರ್ತಕರೇ; ಸಭೆಗೆ ಕೊಡುವ ಶುಲ್ಕಕ್ಕೆ ಕಾನೂನಿನ ಮಿತಿ 1 ಲಕ್ಷ ರೂಪಾಯಿ, ನಮ್ಮ ಕಡೆ ಅದರ ಹತ್ತನೇ ಒಂದು ಭಾಗವೂ ಸಿಗುವುದಿಲ್ಲ. 2016ರ ಡಿಸೆಂಬರಿನಲ್ಲಿ ಟಾಟಾ ಸ್ಟೀಲ್, ಟಾಟಾ ಮೋಟರ್ಸ್, ಟಾಟಾ ಕೆಮಿಕಲ್ಸ್ ಕಂಪನಿಗಳ ಷೇರುದಾರರ ಸಭೆಗಳಲ್ಲಿ ಸ್ವತಂತ್ರ ನಿರ್ದೇಶಕ ನುಸ್ಲಿ ವಾಡಿಯಾ ಅವರನ್ನು ಮತಕ್ಕೆ ಹಾಕಿ ತೆಗೆದಾಗ, ಪ್ರವರ್ತಕರ ಮತಗಳ ಬಲದ ಮುಂದೆ ಸ್ವಾತಂತ್ರ್ಯ ಎಷ್ಟು ದಿನ ನಿಲ್ಲುತ್ತದೆ ಎಂಬುದು ದೇಶಕ್ಕೆಲ್ಲ ಗೊತ್ತಾಯಿತು. ಸೈರಸ್ ಮಿಸ್ತ್ರಿ ಅವರನ್ನು ಟಾಟಾ ಸಮೂಹದ ಅಧ್ಯಕ್ಷಸ್ಥಾನದಿಂದ ತೆಗೆದದ್ದರಿಂದ ಎದ್ದ ಆ ಜಗಳದಲ್ಲಿ ಸರಿ ಯಾರದು ಎಂಬುದು ಇಲ್ಲಿಯ ವಿಷಯವಲ್ಲ. 2022ರಿಂದ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕರ ನೇಮಕಕ್ಕೆ ವಿಶೇಷ ಠರಾವು, ಅಂದರೆ ಚಲಾಯಿಸಿದ ಮತಗಳಲ್ಲಿ ಮುಕ್ಕಾಲು ಪಾಲಿನ ಬೆಂಬಲ ಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ತಂದಿತು; ಸಣ್ಣ ಷೇರುದಾರರ ಮಾತಿಗೆ ಇದರಿಂದ ಸ್ವಲ್ಪ ತೂಕ ಬಂದಿದೆ.

ಭಿನ್ನಾಭಿಪ್ರಾಯವನ್ನು ಬಾಯಲ್ಲಿ ಹೇಳಿ, ನಂತರ ನನ್ನ ಕಡೆ ತಿರುಗಿ “ಇದನ್ನ ಬರೀಬ್ಯಾಡ್ರಿ” ಎನ್ನುವ ನಿರ್ದೇಶಕರು ಬಹಳ. ಸೌಜನ್ಯಕ್ಕಾಗಿ ಹಾಗೆ ಹೇಳುತ್ತಾರೆ, ಆದರೆ ನಷ್ಟ ಅವರದೇ. ಸಭೆಗಳ ಸೆಕ್ರೆಟೇರಿಯಲ್ ಮಾನದಂಡದ ಪ್ರಕಾರ ವಿರೋಧವನ್ನೂ ವಿರೋಧಿಸಿದವರ ಹೆಸರನ್ನೂ ನಡಾವಳಿಯಲ್ಲಿ ಬರೆಯಬೇಕು, ಕರಡನ್ನು 15 ದಿನಗಳೊಳಗೆ ಎಲ್ಲ ನಿರ್ದೇಶಕರಿಗೆ ಕಳಿಸಬೇಕು, ತಿದ್ದುಪಡಿ ಹೇಳಲು ಅವರಿಗೆ 7 ದಿನಗಳ ಅವಕಾಶವಿದೆ. ಸ್ವತಂತ್ರ ನಿರ್ದೇಶಕ ತನ್ನ ತಿಳಿವಳಿಕೆ ಮತ್ತು ಸಮ್ಮತಿಯಿಂದ ನಡೆದದ್ದಕ್ಕೆ, ಇಲ್ಲವೇ ತಾನು ಶ್ರದ್ಧೆ ವಹಿಸದಿದ್ದುದಕ್ಕೆ ಮಾತ್ರ ಹೊಣೆ ಎಂದು 149ನೆಯ ಕಲಮು ರಕ್ಷಣೆ ಕೊಡುತ್ತದೆ. ನಾಳೆ ತನಿಖೆಯಾದಾಗ ಆ ಶ್ರದ್ಧೆಯನ್ನು ತೋರಿಸಲು ನಡಾವಳಿಗಿಂತ ಬೇರೆ ಸಾಕ್ಷಿ ಸಿಗುವುದು ಕಷ್ಟ.

ಹಾಗಾದರೆ ಆಡಳಿತದ ಕೈ ದಾಟಿ ಮಂಡಳಿಗೆ ಸುದ್ದಿ ಬರುವ ಎರಡನೆಯ ದಾರಿಯನ್ನು ಮಾಡಿಕೊಳ್ಳುವುದು ಹೇಗೆ? ಕಾನೂನಿನಲ್ಲೇ ಅದಕ್ಕೆ ಜಾಗವಿದೆ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ಮತ್ತು ನಿಗದಿತ ಗಾತ್ರದ ಪಬ್ಲಿಕ್ ಕಂಪನಿಗಳಲ್ಲಿ ಸ್ವತಂತ್ರ ನಿರ್ದೇಶಕರ ಬಹುಮತವಿರುವ ಲೆಕ್ಕಪರಿಶೋಧನಾ ಸಮಿತಿ ಇರುತ್ತದೆ. ಆ ಸಮಿತಿ ಲೆಕ್ಕಪರಿಶೋಧಕರನ್ನು ಆಡಳಿತದವರು ಹೊರಗಿರುವಾಗ ಅರ್ಧ ಗಂಟೆ ಭೇಟಿಯಾದರೆ ಸಾಕು, ವರದಿಯಲ್ಲಿ ಬರೆಯಲು ಹಿಂಜರಿದ ಎಷ್ಟೋ ಸಂಗತಿ ಹೊರಬೀಳುತ್ತದೆ. ಒಳ ಲೆಕ್ಕಪರಿಶೋಧಕನ ನೇಮಕ, ಸಂಬಳ, ವಜಾ ಸಮಿತಿಯ ಒಪ್ಪಿಗೆಯಿಲ್ಲದೆ ಆಗಬಾರದು. ಸ್ವತಂತ್ರ ನಿರ್ದೇಶಕರು ವರ್ಷಕ್ಕೊಮ್ಮೆಯಾದರೂ ತಾವಷ್ಟೇ ಸೇರಬೇಕೆಂದು ಕಾಯ್ದೆಯ ನಾಲ್ಕನೆಯ ಅನುಸೂಚಿ ಹೇಳುತ್ತದೆ. ಆ ಸಭೆ ಹತ್ತು ನಿಮಿಷದಲ್ಲಿ ಮುಗಿಯದಂತೆ ನೋಡಿಕೊಳ್ಳುವುದು ಅವರ ಕೈಯಲ್ಲೇ ಇದೆ.

177ನೆಯ ಕಲಮಿನ ದೂರು ವ್ಯವಸ್ಥೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ರಮ ಕಂಡ ನೌಕರ ಹೆದರದೆ ತಿಳಿಸಲು ಮಾರ್ಗವಿರಬೇಕು, ಅಗತ್ಯ ಬಿದ್ದರೆ ಆತ ನೇರವಾಗಿ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರನ್ನೇ ತಲುಪುವಂತಿರಬೇಕು ಎಂದು ಅದು ಹೇಳುತ್ತದೆ. ನನ್ನ ಒಂದು ಕಕ್ಷಿದಾರ ಕಂಪನಿ, ಕಾರ್ಖಾನೆ ನಮ್ಮ ಜಿಲ್ಲೆಯಲ್ಲಿ, ಈ ನೀತಿಯನ್ನು ಬಹಳ ಚೆನ್ನಾಗಿ ಬರೆಸಿತ್ತು; ಇಂಗ್ಲಿಷಿನಲ್ಲಿ, ವೆಬ್‌ಸೈಟಿನ ಒಂದು ಮೂಲೆಯಲ್ಲಿ. ದೂರು ಇಮೇಲಿನಲ್ಲಿ ಹೋಗಬೇಕು, ಅದನ್ನು ಓದುವವರು ಮುಂಬೈಯಲ್ಲಿರುವ, ಕನ್ನಡ ಬಾರದ ಅಧ್ಯಕ್ಷರು. ವರ್ಷಗಟ್ಟಲೆ ‘ದೂರುಗಳ ಸಂಖ್ಯೆ: ಶೂನ್ಯ’ ಎಂದು ವರದಿಯಾಗುತ್ತಿತ್ತು, ಮಂಡಳಿ ಅದನ್ನು ಒಳ್ಳೆಯ ಸುದ್ದಿಯೆಂದು ಗಮನಕ್ಕೆ ತಂದುಕೊಳ್ಳುತ್ತಿತ್ತು. ಕಾಟಾದ ಗುಮಾಸ್ತನೂ ಗೋದಾಮಿನ ಹಮಾಲನೂ ಬರೆದರೆ ಕನ್ನಡದಲ್ಲಿ ಬರೆಯುತ್ತಾರೆ, ಗಡಿಭಾಗದವರಾದರೆ ಮರಾಠಿಯಲ್ಲಿ. ಅವರು ಬರೆದ ಹೆಸರಿಲ್ಲದ ಅರ್ಜಿಗಳು ಕಾರ್ಖಾನೆಯ ಜನರಲ್ ಮ್ಯಾನೇಜರರ ಟೇಬಲ್ಲಿಗೆ ಹೋಗಿ ಅಲ್ಲೇ ನಿಲ್ಲುತ್ತಿದ್ದವು.

ಹೊಸದಾಗಿ ಬಂದ ಸ್ವತಂತ್ರ ನಿರ್ದೇಶಕರೊಬ್ಬರು ಶೂನ್ಯ ಎಂಬುದನ್ನು ನಂಬಲು ಒಪ್ಪದೆ ಹಠ ಹಿಡಿದ ಮೇಲೆ, ಗೇಟಿನ ಹೊರಗೆ, ಬಸ್ ನಿಲ್ದಾಣದ ಹತ್ತಿರ ಒಂದು ಬೀಗ ಹಾಕಿದ ಪೆಟ್ಟಿಗೆ ಇಟ್ಟರು. ಕೀಲಿ ಕೈ ಆಡಳಿತದ ಬಳಿ ಇರುವುದಿಲ್ಲ. ತಿಂಗಳಿಗೊಮ್ಮೆ ನಮ್ಮ ಆಫೀಸಿನವರು ಹೋಗಿ ತೆಗೆಯುತ್ತಾರೆ. ನೀತಿಯ ಸಾರಾಂಶ ಕನ್ನಡ, ಮರಾಠಿ ಎರಡರಲ್ಲೂ ಪೆಟ್ಟಿಗೆಯ ಮೇಲೆ ಅಂಟಿಸಿದೆ. ಬಂದ ಅರ್ಜಿಗಳಲ್ಲಿ ಬಹಳಷ್ಟು ಕ್ಯಾಂಟೀನಿನ ಊಟದ ಬಗ್ಗೆ, ಓವರ್‌ಟೈಮ್ ಹಣದ ಬಗ್ಗೆ ಇರುತ್ತವೆ. ಮಂಡಳಿಯವರಿಗೆ ಬೇಸರ ತರಿಸುವುದೂ ಉಂಟು. ನಡುವೆ ಬಗಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಮಾರಾಟದ ತೂಕದ ಚೀಟಿಗಳ ಬಗ್ಗೆ, ಗಾಡಿ ನಂಬರುಗಳನ್ನೂ ಬರೆದು, ಒಂದು ಅರ್ಜಿ ಬಂದಿತ್ತು. ಅದರ ಮೇಲೆ ಒಳ ಲೆಕ್ಕಪರಿಶೋಧಕರು ವಿಚಾರಣೆ ನಡೆಸಿ ವರದಿಯನ್ನು ಸಮಿತಿಗೆ ನೇರವಾಗಿ ಕೊಟ್ಟರು, ಗುತ್ತಿಗೆ ರದ್ದಾಯಿತು. ಈಗ ಸಮಿತಿಯ ಮುಂದಿರುವ ತಕರಾರು ಅನುವಾದದ್ದು. ಅರ್ಜಿಗಳನ್ನು ಇಂಗ್ಲಿಷಿಗೆ ತಿರುಗಿಸಿ ಮುಂಬೈಗೆ ಕಳಿಸುವ ಕೆಲಸ ಕಾರ್ಖಾನೆಯ ಸಿಬ್ಬಂದಿ ವಿಭಾಗಕ್ಕೆ ಕೊಟ್ಟರೆ ಖರ್ಚು ಉಳಿಯುತ್ತದೆ ಎಂಬುದು ಆಡಳಿತದ ವಾದ; ಹೊರಗಿನವರಿಂದಲೇ ಆಗಬೇಕು, ಮೂಲ ಅರ್ಜಿಯ ಪ್ರತಿಯೂ ಜೊತೆಗೇ ಬರಬೇಕು ಎಂಬುದು ಆ ನಿರ್ದೇಶಕರ ವಾದ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದನ್ನು ವಾಹನ ಖರೀದಿಗಿಂತ ಮೊದಲು ಹಾಕಿದ್ದೇನೆ.